ಕಾರಿನ ಬ್ರೇಕ್: ಸವೆತದ ಗುರುತು, ಸರ್ವಿಸ್ ಮತ್ತು ಬದಲಾವಣೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದಿನವೂ ಕಚೇರಿಗೆ, ಮಕ್ಕಳ ಶಾಲೆಗೆ, ಹಬ್ಬ ಬಂದಾಗ ಊರಿಗೆ ಎಂದು ಸ್ವಂತ ಕಾರು ಓಡಿಸುವವರು ಬ್ರೇಕ್ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ, ಮುಂದಿನ ಚಕ್ರಗಳಿಗೆ ಡಿಸ್ಕ್ ಮತ್ತು ಹಿಂದಿನ ಚಕ್ರಗಳಿಗೆ ಡ್ರಮ್ ಇರುವ ಸಣ್ಣ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಇರುವ ಕಾರುಗಳಿಗೂ ಬಹುಪಾಲು ಮಾತು ಅನ್ವಯಿಸುತ್ತದೆ.

ಪೆಡಲ್ ಒತ್ತಿದಾಗ ಒಳಗೆ ನಿಜವಾಗಿ ಏನಾಗುತ್ತದೆ?

ನಿಮ್ಮ ಕಾಲಿನ ಒತ್ತಡ ಬೂಸ್ಟರ್‌ನ ನೆರವಿನಿಂದ ಹೆಚ್ಚಾಗಿ ಮಾಸ್ಟರ್ ಸಿಲಿಂಡರ್‌ಗೆ ತಲುಪುತ್ತದೆ; ಅಲ್ಲಿಂದ ತೆಳುವಾದ ಪೈಪುಗಳಲ್ಲಿ ತುಂಬಿರುವ ಬ್ರೇಕ್ ಆಯಿಲ್ ಆ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಒಯ್ಯುತ್ತದೆ. ಮುಂದಿನ ಚಕ್ರದಲ್ಲಿ ಕ್ಯಾಲಿಪರ್ ಎರಡು ಪ್ಯಾಡ್‌ಗಳನ್ನು ತಿರುಗುವ ಡಿಸ್ಕಿನ ಎರಡೂ ಬದಿಗೆ ಅದುಮುತ್ತದೆ. ಹಿಂದಿನ ಚಕ್ರದಲ್ಲಿ ವೀಲ್ ಸಿಲಿಂಡರ್ ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿನ ಒಳಗೋಡೆಗೆ ಒತ್ತುತ್ತದೆ. ಗಾಡಿಯ ವೇಗ ಈ ಉಜ್ಜಾಟದಲ್ಲಿ ಶಾಖವಾಗಿ ಬದಲಾಗುತ್ತದೆ. ಬ್ರೇಕಿನ ತೊಂದರೆಗಳಲ್ಲಿ ಹೆಚ್ಚಿನವು ಈ ಉಜ್ಜಾಟ, ಈ ಶಾಖ ಅಥವಾ ಈ ಆಯಿಲ್, ಇವುಗಳಲ್ಲಿ ಒಂದಕ್ಕೆ ಸೇರಿದವು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗಿ ಅರ್ಥವಾಗುತ್ತವೆ.

ಒಂದು ಜೊತೆ ಪ್ಯಾಡ್ ಎಷ್ಟು ಕಿಲೋಮೀಟರ್ ಬಾಳುತ್ತದೆ?

ಸಾಮಾನ್ಯ ಬಳಕೆಯಲ್ಲಿ ಮುಂದಿನ ಪ್ಯಾಡ್‌ಗಳು 30,000ದಿಂದ 50,000 ಕಿ.ಮೀ. ಬರುತ್ತವೆ ಎಂದು ಸ್ಥೂಲವಾಗಿ ಹೇಳಬಹುದು. ಹಿಂದಿನ ಶೂಗಳು ಇದಕ್ಕಿಂತ ಹೆಚ್ಚು ಕಾಲ ಬಾಳುತ್ತವೆ, ಏಕೆಂದರೆ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆದರೆ ಈ ಅಂಕಿಗಳನ್ನು ನಂಬಿ ಕುಳಿತುಕೊಳ್ಳಬಾರದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನವೂ ಬೆಳಗ್ಗೆ ಸಂಜೆ ನಿಂತು ಸಾಗುವ ಆಟೊಮ್ಯಾಟಿಕ್ ಗೇರಿನ ಕಾರಿನ ಪ್ಯಾಡ್ 20,000 ಕಿ.ಮೀ.ಗೇ ಮುಗಿಯಬಹುದು, ಅದೇ ಕಾರು ಹುಬ್ಬಳ್ಳಿ, ಚಿತ್ರದುರ್ಗದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಅದರ ಎರಡರಷ್ಟು ಬರಬಹುದು. ಆದ್ದರಿಂದ ಕಿಲೋಮೀಟರ್ ಎಣಿಸುವುದಕ್ಕಿಂತ ಪ್ರತಿ 10,000 ಕಿ.ಮೀ.ಗೆ ಒಮ್ಮೆ, ಅಥವಾ ವರ್ಷಕ್ಕೊಮ್ಮೆಯಾದರೂ, ದಪ್ಪ ಅಳೆದು ನೋಡುವುದೇ ಸರಿಯಾದ ಕ್ರಮ.

ಪ್ಯಾಡ್ ಸವೆದಿದೆ ಎಂದು ನಾನೇ ತಿಳಿಯುವುದು ಹೇಗೆ?

ಕಣ್ಣು, ಕಿವಿ, ಕಾಲು ಮೂರೂ ಸಹಾಯಕ್ಕೆ ಬರುತ್ತವೆ. ಅಲಾಯ್ ಚಕ್ರಗಳಿದ್ದರೆ ಮೊಬೈಲಿನ ಟಾರ್ಚ್ ಹಿಡಿದು ಕಡ್ಡಿಗಳ ಸಂದಿಯಿಂದಲೇ ಹೊರಗಿನ ಪ್ಯಾಡ್ ಕಾಣುತ್ತದೆ. ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ, ಅದು 3 ಮಿ.ಮೀ.ಗೆ ಇಳಿದರೆ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಅಳೆಯುವಾಗ ಹಿಂಬದಿಯ ಲೋಹದ ತಗಡನ್ನು ಸೇರಿಸಿಕೊಳ್ಳಬಾರದು. ಇನ್ನೊಂದು ಎಚ್ಚರಿಕೆ ಇದೆ: ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಬಿಗಿಯಾಗಿದ್ದರೆ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆಯುತ್ತದೆ. ಹೊರಗಿನದು ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಂಡವರ ಕಾರಿನಲ್ಲಿ ಒಳಗಿನದು ತಗಡಿಗೆ ಬಂದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸರ್ವಿಸ್ ಸಮಯದಲ್ಲಿ ಚಕ್ರ ಕಳಚಿ ಎರಡೂ ಪ್ಯಾಡ್ ತೋರಿಸುವಂತೆ ಕೇಳುವುದು ಇದಕ್ಕಾಗಿಯೇ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡುವುದು ಇನ್ನೂ ಸುಲಭ. ಪ್ಯಾಡ್ ಸವೆದಂತೆ ಕ್ಯಾಲಿಪರ್‌ನ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗೆ ಇಳಿಯುತ್ತದೆ, ಹಾಗಾಗಿ ಡಬ್ಬಿಯ ಮಟ್ಟ ತಿಂಗಳುಗಳಲ್ಲಿ ನಿಧಾನವಾಗಿ ತಗ್ಗುವುದು ಸವೆತದ ಸೂಚನೆ.

ಬ್ರೇಕ್ ಹಾಕಿದಾಗ ಕೀಂ ಎಂಬ ಸದ್ದು ಬಂದರೆ ಕೂಡಲೇ ಗ್ಯಾರೇಜಿಗೆ ಹೋಗಬೇಕೇ?

ಯಾವ ಸದ್ದು ಎಂಬುದನ್ನು ನೋಡಬೇಕು. ರಾತ್ರಿ ಮಳೆ ಬಂದ ಮರುದಿನ ಬೆಳಗ್ಗೆ ಮೊದಲ ನಾಲ್ಕಾರು ಬಾರಿ ಬ್ರೇಕ್ ಹಾಕುವಾಗ ಕರಕರ ಎಂದು, ಆಮೇಲೆ ನಿಂತುಹೋದರೆ ಅದು ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು ಅಷ್ಟೇ. ಪ್ರತಿ ಸಲವೂ ಕಿರುಚುವ ಸದ್ದು ಬರುತ್ತಿದ್ದರೆ ಹೋಗಿ ತೋರಿಸಿ. ಹಲವು ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇದ್ದು, ಪದರ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗುವಂತೆಯೇ ಮಾಡಿರುತ್ತಾರೆ. ಗರಗರ ಎಂದು ಲೋಹಕ್ಕೆ ಲೋಹ ಕೊರೆಯುವ ಸದ್ದು ಬಂದರೆ ಪದರ ಪೂರ್ತಿ ಮುಗಿದಿದೆ. ಆಗ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನೇ ಕರೆಸುವುದು ಒಳ್ಳೆಯದು, ಏಕೆಂದರೆ ಪ್ರತಿ ಕಿಲೋಮೀಟರ್‌ಗೂ ತಗಡು ಡಿಸ್ಕಿನಲ್ಲಿ ಗೀರು ಎಳೆಯುತ್ತದೆ ಮತ್ತು ಪ್ಯಾಡಿಗೆ ಮುಗಿಯಬೇಕಾದ ಖರ್ಚು ಡಿಸ್ಕಿನವರೆಗೆ ಹೋಗುತ್ತದೆ.

ಪೆಡಲ್ ಮೆತ್ತಗಾಗಿದೆ. ಪಕ್ಕದ ಮನೆಯವರ ಕಾರಿನದು ಗಟ್ಟಿಯಾಗಿದೆ. ಯಾವುದು ಅಪಾಯ?

ಎರಡೂ ಅಪಾಯವೇ, ಕಾರಣಗಳು ಬೇರೆ ಬೇರೆ. ಸ್ಪಂಜು ಒತ್ತಿದಂತೆ ಮೆತ್ತಗಾಗಿ, ಎರಡು ಮೂರು ಬಾರಿ ಒತ್ತಿದ ಮೇಲೆ ಬ್ರೇಕ್ ಹಿಡಿದರೆ ಪೈಪಿನಲ್ಲಿ ಗಾಳಿ ಸೇರಿರಬಹುದು ಅಥವಾ ಹಿಂದಿನ ಶೂಗಳಿಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚಾಗಿರಬಹುದು. ಸಿಗ್ನಲ್‌ನಲ್ಲಿ ಕಾಲು ಊರಿ ನಿಂತಾಗ ಪೆಡಲ್ ತಾನಾಗಿ ನಿಧಾನಕ್ಕೆ ತಳಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಸೀಲ್ ಹೋಗಿದೆ. ಅಂಥ ಕಾರನ್ನು ಇನ್ನೊಂದು ದಿನವೂ ಓಡಿಸಬೇಡಿ.

ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರ್ ಅಥವಾ ಅದರ ನಿರ್ವಾತದ ಪೈಪ್ ಕೆಟ್ಟಿರಬಹುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು: ಇಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿಯಾಗಲು ಬಿಡಿ, ಕಾಲನ್ನು ಒತ್ತಿ ಹಿಡಿದೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಬ್ರೇಕ್ ಹಾಕಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದರೂ ಸರಿಹೋಗಿಲ್ಲ.

ಬ್ರೇಕ್ ಹಾಕಿದಾಗ ಮಾತ್ರ ಎಳೆಯುತ್ತಿದ್ದರೆ ಮೊದಲು ಬ್ರೇಕನ್ನೇ ಅನುಮಾನಿಸಿ. ಒಂದು ಬದಿಯ ಕ್ಯಾಲಿಪರ್ ಜಾಮ್ ಆಗಿರುತ್ತದೆ, ಇಲ್ಲವೇ ಪ್ಯಾಡಿನ ಮೇಲೆ ಗ್ರೀಸ್ ಅಥವಾ ಆಯಿಲ್ ಬಿದ್ದಿರುತ್ತದೆ. ಹತ್ತು ಹನ್ನೆರಡು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ಚಕ್ರಗಳ ಹತ್ತಿರ ಕೈ ಒಯ್ದು ನೋಡಿ, ಡಿಸ್ಕನ್ನು ಮಾತ್ರ ಮುಟ್ಟಬೇಡಿ. ಒಂದು ಚಕ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಮೈಲೇಜ್ ಕಡಿಮೆಯಾಗಿದೆ ಎಂದು ದೂರುವ ಕೆಲವರ ಕಾರಿನಲ್ಲೂ ಇದೇ ಕಾರಣ ಇರುತ್ತದೆ.

ಹೆದ್ದಾರಿಯಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬಾಗಿದೆಯೇ?

ಎಲ್ಲರೂ ಹಾಗೆಯೇ ಹೇಳುತ್ತಾರೆ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿ ಉಳಿದಿರುವುದಿಲ್ಲ. ದಪ್ಪಗಿನ ಭಾಗ ಪ್ಯಾಡಿನ ನಡುವೆ ಬಂದಾಗಲೆಲ್ಲ ಹಿಡಿತ ಹೆಚ್ಚುತ್ತದೆ, ತೆಳುವಿನ ಭಾಗದಲ್ಲಿ ತಗ್ಗುತ್ತದೆ, ಈ ಏರಿಳಿತವೇ ಕೈಗೆ ನಡುಕವಾಗಿ ಬರುತ್ತದೆ. ಲೇತ್‌ನಲ್ಲಿ ಡಿಸ್ಕನ್ನು ಸ್ಕಿಮ್ಮಿಂಗ್ ಮಾಡಿಸಿ, ಅಂದರೆ ಮೇಲ್ಮೈಯನ್ನು ತೆಳುವಾಗಿ ಕೆರೆಸಿ, ಸಮ ಮಾಡಬಹುದು. ಆದರೆ ಪ್ರತಿ ಡಿಸ್ಕಿಗೂ ತಯಾರಕರು ನಿಗದಿಪಡಿಸಿದ ಕನಿಷ್ಠ ದಪ್ಪ ಇರುತ್ತದೆ, ಸಾಮಾನ್ಯವಾಗಿ ಅದನ್ನು ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಅಚ್ಚೊತ್ತಿರುತ್ತಾರೆ. ಸ್ಕಿಮ್ಮಿಂಗ್ ಆದ ಮೇಲೂ ಆ ಅಳತೆಗಿಂತ ದಪ್ಪ ಉಳಿಯುವುದಾದರೆ ಮಾತ್ರ ಮಾಡಿಸಿ, ಇಲ್ಲವಾದರೆ ಎರಡೂ ಬದಿಯ ಡಿಸ್ಕ್ ಬದಲಾಯಿಸಿ. ತೆಳುವಾದ ಡಿಸ್ಕ್ ಶಾಖವನ್ನು ತಡೆದುಕೊಳ್ಳಲಾರದು.

ಬ್ರೇಕ್ ಆಯಿಲ್ ಬದಲಾಯಿಸುವುದು ನಿಜಕ್ಕೂ ಅಗತ್ಯವೇ? ಡಬ್ಬಿ ತುಂಬಿಯೇ ಇದೆಯಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ. ಪ್ಯಾಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಏಕೆಂದರೆ ಅದು ಸದ್ದು ಮಾಡುತ್ತದೆ. ಆಯಿಲ್ ಸದ್ದು ಮಾಡುವುದಿಲ್ಲ, ಡಬ್ಬಿಯಲ್ಲಿ ಮಟ್ಟವೂ ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗೊಳಗೇ ಅದು ಕೆಡುತ್ತಿರುತ್ತದೆ. ಅದಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಅದಕ್ಕೆ ಸುಮಾರು ಶೇ. 3.7ರಷ್ಟು ನೀರು ಸೇರಿದರೆ ನಿಗದಿತ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ದರ್ಜೆಗೆ ಇದೇ ಮಿತಿಗಳು 230 ಮತ್ತು 155 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಹಿಂಡಲಾಗದು, ಆವಿಯನ್ನು ಹಿಂಡಬಹುದು. ಹಾಗಾಗಿ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದು ಚಕ್ರಕ್ಕೆ ಏನೂ ತಲುಪುವುದಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಮನೆಯವರನ್ನೆಲ್ಲ ಕೂರಿಸಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ, ಮುಂದೆ ಲಾರಿ ಇದ್ದುದರಿಂದ ಬ್ರೇಕ್ ಮೇಲೆಯೇ ಕಾಲಿಟ್ಟು ಬರುತ್ತಿದ್ದೆ. ಒಂದು ತಿರುವಿನಲ್ಲಿ ಪೆಡಲ್ ಯಾವ ತಡೆಯೂ ಇಲ್ಲದೆ ತಳಕ್ಕೆ ಹೋಯಿತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ತಾಗಿಸಿ ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲ್ ಏನೂ ಆಗಿಲ್ಲವೆಂಬಂತೆ ಮೊದಲಿನ ಗಟ್ಟಿತನಕ್ಕೆ ಮರಳಿತು. ಮರುದಿನ ಮೆಕ್ಯಾನಿಕ್ ತೆಗೆದ ಆಯಿಲ್ ಕಡು ಕಷಾಯದ ಬಣ್ಣದಲ್ಲಿತ್ತು. ಕಾರಿಗೆ ಆರು ವರ್ಷವಾಗಿತ್ತು, ಆಯಿಲ್ ಒಮ್ಮೆಯೂ ಬದಲಾಗಿರಲಿಲ್ಲ. ನಾಲ್ಕು ತಿಂಗಳ ಹಿಂದಷ್ಟೇ ಬೇರೊಂದು ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿದ್ದೆ, ಅಲ್ಲಿನ ಜಾಬ್ ಕಾರ್ಡ್‌ನಲ್ಲಿ ಬ್ರೇಕ್ ಪರಿಶೀಲಿಸಲಾಗಿದೆ ಎಂಬ ಗುರುತೂ ಇತ್ತು. ನಾನೂ ಕೇಳಿರಲಿಲ್ಲ.

ಹಲವು ತಯಾರಕರ ಕೈಪಿಡಿಗಳು ಎರಡು ವರ್ಷಕ್ಕೊಮ್ಮೆ ಅಥವಾ 40,000 ಕಿ.ಮೀ.ಗೊಮ್ಮೆ, ಯಾವುದು ಮೊದಲೋ ಆಗ, ಆಯಿಲ್ ಬದಲಾಯಿಸಲು ಹೇಳುತ್ತವೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಇರುವುದನ್ನೇ ಪಾಲಿಸಿ. ಕರಾವಳಿ ಮತ್ತು ಮಲೆನಾಡಿನವರು, ಗಾಳಿಯಲ್ಲಿ ವರ್ಷದ ಬಹುಭಾಗ ತೇವವಿರುವುದರಿಂದ, ಎರಡು ವರ್ಷವನ್ನು ದಾಟಿಸಲೇಬಾರದು ಎಂಬುದು ನನ್ನ ಅಭಿಪ್ರಾಯ.

ಮಟ್ಟ ಕಡಿಮೆಯಾದರೆ ಸ್ವಲ್ಪ ಸುರಿದರೆ ಸಾಲದೇ?

ಸಾಲದು. ಕಡಿಮೆಯಾಗಿದ್ದಕ್ಕೆ ಪ್ಯಾಡಿನ ಸವೆತ ಕಾರಣವೋ ಸೋರಿಕೆ ಕಾರಣವೋ ಎಂದು ಮೊದಲು ತಿಳಿಯಬೇಕು. ಕಾರಣ ತಿಳಿಯದೆ ಸುರಿದರೆ ಎಚ್ಚರಿಕೆ ದೀಪ ಆರುತ್ತದೆ, ತೊಂದರೆ ಉಳಿಯುತ್ತದೆ. ಸುರಿಯಲೇಬೇಕಾದರೆ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ, ಆಗಷ್ಟೇ ಸೀಲ್ ಒಡೆದ ಡಬ್ಬಿಯಿಂದ ಬಳಸಿ. ಹಿಂದಿನ ವರ್ಷ ಅರ್ಧ ಉಳಿದದ್ದು ಈಗಾಗಲೇ ತೇವ ಹೀರಿರುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಆಧಾರಿತ, ಅದನ್ನು ಉಳಿದವುಗಳೊಂದಿಗೆ ಬೆರೆಸಬಾರದು. ಇಂಜಿನ್ ಆಯಿಲನ್ನಂತೂ ಒಂದು ಹನಿಯೂ ಹಾಕಬೇಡಿ, ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ಬ್ರೇಕ್ ಆಯಿಲ್ ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ.

ಘಾಟಿ ಇಳಿಯುವಾಗ ಬ್ರೇಕ್ ಬಳಸುವ ಸರಿಯಾದ ರೀತಿ ಯಾವುದು?

ಜನ ತುಂಬಿದ 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನು ಲೆಕ್ಕ ಹಾಕಿದರೆ, ಅದು ಸುಮಾರು 20 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಾಗುತ್ತದೆ. ಬ್ರೇಕ್ ಒಂದನ್ನೇ ನಂಬಿ ಇಳಿದರೆ ಈ ಶಾಖದ ಬಹುಪಾಲನ್ನು ನಾಲ್ಕು ಚಕ್ರಗಳೊಳಗಿನ ಲೋಹವೇ ಹೊರಬೇಕಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಇಂಜಿನ್ ತಡೆದುಕೊಳ್ಳುತ್ತದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹಿಮ್ಮುರಿ ತಿರುವುಗಳಂಥ ಕಡೆ ಎರಡನೇ ಗೇರು, ಕಡಿದಾದ ಕಡೆ ಮೊದಲನೆಯದು. ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಎಂಬ ಹಳೆಯ ಚಾಲಕರ ಲೆಕ್ಕ ಇಂದಿಗೂ ಸರಿಯಾಗಿದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಬರುವ ಬದಲು ತಿರುವಿಗೆ ಮುಂಚೆ ದೃಢವಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ, ಆ ನಡುವೆ ಡಿಸ್ಕ್ ತಣಿಯಲಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ಒಂದು ಮಾತು: ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿಗೆ ಹೋಗುವ ಇಂಧನವೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗಾಗಿ ಇಂಧನ ಉರಿಯುತ್ತಲೇ ಇರುತ್ತದೆ. ಹಾಗಾಗಿ ಉಳಿತಾಯವೂ ಇಲ್ಲ. ಆಟೊಮ್ಯಾಟಿಕ್ ಕಾರಿನವರು ಮ್ಯಾನುಯಲ್ ಆಯ್ಕೆಯನ್ನು ಅಥವಾ ಗೇರ್ ಕಡ್ಡಿಯ ಕೆಳಗಿನ ಸ್ಥಾನಗಳನ್ನು ಬಳಸಬೇಕು.

ಇಳಿಯುತ್ತಿರುವಾಗ ಸುಟ್ಟ ವಾಸನೆ ಬಂದರೆ?

ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆಯಾದರೂ ತಣಿಯಲು ಬಿಡಿ. ನೀರು ಎರಚಬೇಡಿ, ಕಾದ ಡಿಸ್ಕ್ ಬಿರುಕು ಬಿಡಬಹುದು. ಸಾಧ್ಯವಾದರೆ ಕಾರನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ; ಕಾದಿರುವಾಗ ಹ್ಯಾಂಡ್ ಬ್ರೇಕ್ ಎಳೆದರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದುಂಟು. ಕಾದಾಗ ಪೆಡಲ್ ಮೆತ್ತಗಾಗಿದ್ದರೆ ಕುದಿದದ್ದು ಆಯಿಲ್. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಈ ವ್ಯತ್ಯಾಸವನ್ನು ನೆನಪಿಟ್ಟು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಬ್ರೇಕ್ ಪೂರ್ತಿ ಕೈಕೊಟ್ಟರೆ ಏನು ಮಾಡಬೇಕು?

ಇಂಜಿನ್ ಆಫ್ ಮಾಡಬೇಡಿ. ಮಾಡಿದರೆ ಸ್ಟೀರಿಂಗ್ ಭಾರವಾಗುತ್ತದೆ, ಕೀಲಿ ಹೊರಬಂದರೆ ಲಾಕ್ ಕೂಡ ಆಗಬಹುದು. ಪೆಡಲನ್ನು ಬೇಗ ಬೇಗ ಒತ್ತಿ ಬಿಡಿ, ಉಳಿದ ಒತ್ತಡ ಸೇರಿ ಸ್ವಲ್ಪವಾದರೂ ಹಿಡಿಯಬಹುದು. ಅದೇ ಹೊತ್ತಿಗೆ ಒಂದೊಂದೇ ಗೇರ್ ಇಳಿಸಿ. ಸಣ್ಣ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್‌ನಿಂದ ಕೆಲಸ ಮಾಡುವುದರಿಂದ ಆಯಿಲ್ ಕೆಟ್ಟರೂ ಅದು ಹಿಡಿಯುತ್ತದೆ, ಆದರೆ ಒಮ್ಮೆಲೇ ಎಳೆದರೆ ಹಿಂದಿನ ಚಕ್ರಗಳು ಜಾರಿ ಗಾಡಿ ತಿರುಗಿಬಿಡುತ್ತದೆ. ಬಟನ್ ಒತ್ತಿ ಹಿಡಿದುಕೊಂಡು ಹಂತಹಂತವಾಗಿ ಎಳೆಯಿರಿ. ಹಾರ್ನ್ ಮತ್ತು ನಾಲ್ಕೂ ಇಂಡಿಕೇಟರ್ ಹಾಕಿ, ಏರು ಅಥವಾ ಗುಡ್ಡದ ಬದಿಯನ್ನು ಹುಡುಕಿ.

ಎಬಿಎಸ್ ಇರುವ ಕಾರಿಗೆ ಇಷ್ಟೆಲ್ಲ ಚಿಂತೆ ಬೇಕೇ?

ಬೇಕು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದು ಚಕ್ರ ಜಾರದಂತೆ, ಸ್ಟೀರಿಂಗ್ ಮಾತು ಕೇಳುವಂತೆ ನೋಡಿಕೊಳ್ಳುತ್ತದೆ, ಸವೆದ ಪ್ಯಾಡಿಗೆ ಹಿಡಿತ ತಂದುಕೊಡುವುದಿಲ್ಲ. ತುರ್ತಾಗಿ ಒತ್ತಿದಾಗ ಪೆಡಲ್ ಕಾಲಡಿಯಲ್ಲಿ ಅದುರುತ್ತದೆ. ಗಾಬರಿಯಾಗಿ ಕಾಲು ತೆಗೆಯಬೇಡಿ, ಒತ್ತಿ ಹಿಡಿದೇ ಇರಿ. ವೇಗ ಎರಡರಷ್ಟಾದರೆ ಬ್ರೇಕಿನಿಂದ ನಿಲ್ಲುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. 80 ಕಿ.ಮೀ. ವೇಗದಲ್ಲಿ, ಅಪಾಯ ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 22 ಮೀಟರ್ ಸಾಗಿರುತ್ತದೆ.

ಮಳೆಗಾಲದಲ್ಲಿ ಏನು ವಿಶೇಷ ಕಾಳಜಿ?

ನೀರು ನಿಂತ ರಸ್ತೆ ದಾಟಿದ ಮೇಲೆ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನಿಧಾನವಾಗಿ ಚಲಿಸುತ್ತಲೇ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿ. ಕಾರು ಬಿಟ್ಟು ವಾರಗಟ್ಟಲೆ ಊರಿಗೆ ಹೋಗುವವರು ಹ್ಯಾಂಡ್ ಬ್ರೇಕ್ ಎಳೆದಿಡುವ ಬದಲು, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟಿಗೆಯ ತುಂಡು ಕೊಡುವುದು ಮೇಲು. ವಿದ್ಯುತ್ ಕಾರಿನವರಿಗೆ ಇನ್ನೊಂದು ವಿಷಯ: ಮೋಟಾರೇ ವೇಗ ತಗ್ಗಿಸುವುದರಿಂದ ಪ್ಯಾಡ್ ಹೆಚ್ಚು ಬಾಳುತ್ತದೆ, ಆದರೆ ಬಳಕೆ ಕಡಿಮೆಯಾಗಿ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಆಗಾಗ ದೃಢವಾಗಿ ಬ್ರೇಕ್ ಒತ್ತುವುದು ಒಳ್ಳೆಯದು.

ಒಂದು ಬದಿಯ ಪ್ಯಾಡ್ ಮಾತ್ರ ಬದಲಾಯಿಸಬಹುದೇ? ಯಾವ ಪ್ಯಾಡ್ ಕೊಳ್ಳಬೇಕು?

ಒಂದೇ ಬದಿ ಬದಲಾಯಿಸಿದರೆ ಎಡಬಲ ಹಿಡಿತ ಬೇರೆಯಾಗಿ ಕಾರು ಎಳೆಯುತ್ತದೆ, ಆದ್ದರಿಂದ ಮುಂದಿನ ಎರಡೂ ಚಕ್ರಗಳದ್ದು ಅಥವಾ ಹಿಂದಿನ ಎರಡೂ ಚಕ್ರಗಳದ್ದು ಒಟ್ಟಿಗೆ. ಕಾರು ತಯಾರಕರ ಪ್ಯಾಡ್ ಅಥವಾ ಹೆಸರಾಂತ ಬಿಡಿಭಾಗ ಕಂಪನಿಗಳದ್ದು ಎರಡೂ ನಡೆಯುತ್ತದೆ. ಬಿಲ್ ಕೊಡದ, ಪೊಟ್ಟಣದ ಮೇಲೆ ತಯಾರಕರ ವಿವರ ಸರಿಯಾಗಿಲ್ಲದ ಅಗ್ಗದ ಮಾಲನ್ನು ನಾನು ನನ್ನ ಕಾರಿಗಂತೂ ಹಾಕುವುದಿಲ್ಲ. ನಕಲಿ ಪ್ಯಾಡಿನ ಪದರ ತಗಡಿನಿಂದ ಕಿತ್ತುಬರುವ ಅಪಾಯವಿದೆ.

ಹೊಸ ಪ್ಯಾಡ್ ಹಾಕಿಸಿದ ಮೇಲೆ ಗ್ಯಾರೇಜಿನಿಂದ ಹೊರಡುವ ಮುಂಚೆ ಏನು ನೋಡಬೇಕು?

ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತಾರೆ, ಆದ್ದರಿಂದ ಮೊದಲ ಒತ್ತಿಗೆ ಪೆಡಲ್ ತಳಕ್ಕೆ ಹೋಗುತ್ತದೆ. ಕಾರು ಕದಲುವ ಮುನ್ನವೇ ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತು ರಿವರ್ಸ್ ತೆಗೆದು ಗೋಡೆಗೆ ಗುದ್ದಿದವರಿದ್ದಾರೆ. ಹಳೆಯ ಪ್ಯಾಡ್‌ಗಳನ್ನು ಕೇಳಿ ನೋಡಿ, ಒಳಗಿನದೂ ಹೊರಗಿನದೂ ಸಮನಾಗಿ ಸವೆದಿವೆಯೇ ಎಂದು ಹೋಲಿಸಿ. ಕ್ಯಾಲಿಪರ್ ಪಿನ್ನುಗಳಿಗೆ ಅದಕ್ಕೆಂದೇ ಇರುವ ಗ್ರೀಸ್ ಹಾಕಿದರೇ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದರೇ, ಆಯಿಲ್ ಡಬ್ಬಿಯ ಮಟ್ಟ ಮೇಲಿನ ಗೆರೆಯನ್ನು ಮೀರಿಲ್ಲವೇ ಎಂದು ವಿಚಾರಿಸಿ. ಮೊದಲ 200 ರಿಂದ 300 ಕಿ.ಮೀ. ಹೊಸ ಪದರ ಡಿಸ್ಕಿಗೆ ಹೊಂದಿಕೊಳ್ಳುವ ಅವಧಿ. ಅಷ್ಟರವರೆಗೆ ಮುಂದಿನ ಗಾಡಿಯಿಂದ ಹೆಚ್ಚು ಅಂತರ ಬಿಟ್ಟು, ತೀರಾ ಜೋರಾಗಿ ಒತ್ತದೆ ಓಡಿಸಿ, ಘಾಟಿಯ ಪ್ರಯಾಣವನ್ನು ಅದರ ನಂತರಕ್ಕೆ ಇಟ್ಟುಕೊಳ್ಳಿ.